ವಿದೇಶದಿಂದ ಸ್ಟ್ರೀಟ್‌ವೇರ್, ಮೂರು ವರ್ಷದ ಮೇಲೆ: ಟೀಗೆ ಹೌದು, ಶೂಗೆ ಬೇಡ

ಮೂರು ವರ್ಷದಿಂದ ವಿದೇಶದ ಅಂಗಡಿಗಳಿಂದ ಮುಂಬೈಗೆ ಸ್ಟ್ರೀಟ್‌ವೇರ್, ಅಂದರೆ ಟೀ ಶರ್ಟ್, ಶೂ ಥರದ ಫ್ಯಾಶನ್ ಬಟ್ಟೆಬರೆ, ತರಿಸುತ್ತಿದ್ದೇನೆ. ಮೊದಲು ಖುಷಿಯ ವಿಷಯ. ಬ್ರಿಟನ್ನಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಅಲ್ಲಿನ ಶೇ. 20 ವ್ಯಾಟ್ ಸೇರಿರುತ್ತದೆ. ಡೆಲಿವರಿ ವಿಳಾಸ ಮುಂಬೈ ಎಂದು ಹಾಕಿದ ಕೂಡಲೇ ಹಲವು ಕಡೆ ಅದು ಕಳೆದು, 60 ಪೌಂಡಿನ ಹುಡಿ (ಟೊಪ್ಪಿಯಿರುವ ಸ್ವೆಟ್‌ಶರ್ಟ್) 50ಕ್ಕೆ ಇಳಿಯುತ್ತದೆ. ಹಾಗಾಗಿ ಬೆಲೆ ಹೋಲಿಸುವ ಮುಂಚೆ ವಿಳಾಸ ತುಂಬಿ. ಇಳಿಯಲಿಲ್ಲವೇ, ಬೇರೆ ಅಂಗಡಿ ನೋಡಿ. ಹಣ ಕಟ್ಟುವಾಗ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ, ಪೌಂಡಿನಲ್ಲೇ ಕೊಡಿ. ಆ ರೂಪಾಯಿ ದರದಲ್ಲಿ ಅವರ ಲಾಭಾಂಶ ಅಡಗಿರುತ್ತದೆ. ವಿದೇಶಿ ಹಣಕ್ಕೆ ನಿಮ್ಮ ಕಾರ್ಡಿನ ಬ್ಯಾಂಕು ಹಾಕುವ ಶುಲ್ಕ (ಫಾರೆಕ್ಸ್ ಮಾರ್ಕಪ್), ಅದರ ಮೇಲಿನ ಜಿಎಸ್‌ಟಿ ಹೇಗೂ ಇದ್ದೇ ಇದೆ.

ಸೈಜಿಗೆ ಎಲ್, ಎಕ್ಸ್‌ಎಲ್ ನಂಬಬೇಡಿ. ಜಪಾನಿನ ಎಲ್ ಅಮೆರಿಕದ ಎಮ್‌ಗಿಂತ ಚಿಕ್ಕದಿರಬಹುದು. ನಿಮಗೆ ಚೆನ್ನಾಗಿ ಕೂರುವ ಟೀ ಶರ್ಟನ್ನು ಹಾಸಿಗೆ ಮೇಲೆ ಚಪ್ಪಟೆ ಹಾಸಿ, ಸುಕ್ಕು ಸವರಿ, ಎಳೆಯದೆ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪ್ ಹಿಡಿಯಿರಿ. ಆಮೇಲೆ ಕಾಲರಿನ ಬುಡದಿಂದ ಅಂಚಿನವರೆಗೆ ಉದ್ದ. ಈ ಎರಡು ಅಂಕಿ ಫೋನಿನಲ್ಲಿ ಬರೆದಿಟ್ಟರೆ ಎಲ್ಲ ಸೈಜ್ ಚಾರ್ಟಿಗೂ ಸಾಕು. ಹತ್ತಿಯದ್ದಾದರೆ ಮೊದಲ ಒಗೆತಕ್ಕೆಂದು ಉದ್ದದಲ್ಲಿ 2 ಸೆಂ.ಮೀ. ಹೆಚ್ಚಿರಲಿ. ಬಟ್ಟೆಯ ದಪ್ಪವನ್ನೂ ನೋಡಿ: 240 ಜಿಎಸ್‌ಎಮ್ (ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ) ಟೀ ಇಲ್ಲಿನ ಸೆಕೆಗೆ ತಡೆದೀತು, 400 ಜಿಎಸ್‌ಎಮ್ ಹುಡಿ ಪುಣೆಯ ಚಳಿಗೆ ಸರಿ, ದಾದರಿನ ಲೋಕಲ್ ರೈಲಿಗೆ ಅಲ್ಲ.

ಇನ್ನು ಎಲ್ಲ ಉಳಿತಾಯವನ್ನೂ ತಿಂದುಹಾಕುವ ವಸ್ತು: ಶೂ ಡಬ್ಬ. ಎಕ್ಸ್‌ಪ್ರೆಸ್ ಕೊರಿಯರ್‌ಗಳು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ದೊಡ್ಡದಕ್ಕೆ ದುಡ್ಡು ತೆಗೆದುಕೊಳ್ಳುತ್ತವೆ. ಗಾತ್ರದ ತೂಕಕ್ಕೆ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ. 35×25×14 ಡಬ್ಬ 2.45 ಕೆಜಿ ಆಗುತ್ತದೆ, ಬಿಲ್ 2.5 ಕೆಜಿಗೆ. ಒಳಗಿರುವ ಶೂ ಒಂದು ಕೆಜಿ ಚಿಲ್ಲರೆ. ಅದೇ ಐದು ದಪ್ಪ ಟೀಗಳನ್ನು ಅಷ್ಟೇ ಉದ್ದ, ಅಗಲದಲ್ಲಿ 8 ಸೆಂ.ಮೀ. ಎತ್ತರಕ್ಕೆ ಮಡಚಿದರೆ ಗಾತ್ರದ ತೂಕ 1.4 ಕೆಜಿ, ನಿಜ ತೂಕವೂ ಹೆಚ್ಚುಕಮ್ಮಿ ಅಷ್ಟೇ. ಇಷ್ಟಕ್ಕೇ ಮುಗಿಯಲಿಲ್ಲ. ಕಸ್ಟಮ್ಸ್ ಸುಂಕ ಲೆಕ್ಕ ಹಾಕುವುದು ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ. ಸುಂಕ ಸೇರಿದ ಮೇಲೆ ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಡಬ್ಬದೊಳಗಿನ ಗಾಳಿಗೆ ಮೊದಲು ಬಾಡಿಗೆ, ನಂತರ ತೆರಿಗೆ, ಆಮೇಲೆ ತೆರಿಗೆಯ ಮೇಲೆ ತೆರಿಗೆ. ಫಾರ್ವರ್ಡರ್ (ಅಲ್ಲಿ ಪಾರ್ಸೆಲ್ ಪಡೆದು ಇಲ್ಲಿಗೆ ಕಳಿಸುವ ಸಂಸ್ಥೆ) ಮೂಲಕ ತರಿಸುವುದಾದರೆ ಡಬ್ಬ ತೆಗೆದು ಕಳಿಸಲು ಹೇಳಿ. ಮರುಮಾರಾಟ ಮಾಡುವವರಿಗೆ ಮಾತ್ರ ಡಬ್ಬ ಬೇಕು.

‘ಗಿಫ್ಟ್ ಎಂದು ಬರೆಯಲೇ’ ಎಂದು ಮಾರುವವರು ಕೇಳಿದರೆ ಖಂಡಿತ ಒಪ್ಪಬೇಡಿ. 5000 ರೂಪಾಯಿವರೆಗಿನ ಉಡುಗೊರೆಗಿದ್ದ ಸುಂಕದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಬೆಲೆ ಕಡಿಮೆ ಬರೆಸಿದರೆ ಕಸ್ಟಮ್ಸ್‌ನವರು ಪಾರ್ಸೆಲ್ ತಡೆದು ಬಿಲ್ ಕೇಳಬಹುದು. ಕಳೆದುಹೋದರೆ ವಿಮೆ ಸಿಗುವುದೂ ಆ ಬರೆದ ಬೆಲೆಗಷ್ಟೇ. ಕಸ್ಟಮ್ಸ್‌ಗೆಂದು ಕೊಡುವ ಕೆವೈಸಿಯಲ್ಲಿನ (ಗುರುತಿನ ದಾಖಲೆ) ಹೆಸರೂ ಪಾರ್ಸೆಲ್ ಮೇಲಿನ ಹೆಸರೂ ಒಂದೇ ಇರಲಿ.

ಶೂ ವಿಷಯದಲ್ಲಿ ಮುಂಬೈಗಿರುವ ಇನ್ನೊಂದು ತೊಂದರೆ ಹವೆ. ‘ಹಾಕಿಯೇ ಇಲ್ಲ, ಡೆಡ್‌ಸ್ಟಾಕ್’ ಎಂದು ಅಗ್ಗಕ್ಕೆ ಸಿಗುವ ಹಳೆಯ ಜೋಡಿಗಳಲ್ಲಿ ಸೋಲಿನ ನಡುವಿನ ಪದರ ಹೆಚ್ಚಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ. ತೇವಾಂಶ ಅದನ್ನು ಒಳಗಿಂದಲೇ ಒಡೆಯುತ್ತದೆ, ಶೂ ಹಾಕಿದರೂ ಅಷ್ಟೆ, ಇಟ್ಟರೂ ಅಷ್ಟೆ. ಮೇಲಿನ ಚರ್ಮ ಹೊಳೆಯುತ್ತಿರುವಾಗಲೇ ಸೋಲ್ ಒಣ ರೊಟ್ಟಿಯಂತೆ ಪುಡಿಯಾಗುತ್ತದೆ. ತಯಾರಾದ ತಿಂಗಳು, ವರ್ಷ ಶೂ ನಾಲಿಗೆಯ ಒಳಗಿನ ಲೇಬಲ್ಲಿನಲ್ಲಿರುತ್ತದೆ. ಅದರ ಫೋಟೊ ಕೊಡದವರಿಂದ ಕೊಳ್ಳಬೇಡಿ.

ವರ್ಷಕ್ಕೆ ಎರಡೇ ಪಾರ್ಸೆಲ್, ಪ್ರತಿಸಲ ನಾಲ್ಕೈದು ಬಟ್ಟೆ ಒಟ್ಟಿಗೆ: ನನ್ನ ಬಜೆಟ್ಟಿಗೆ ಹೊಂದಿದ್ದು ಇದು. ಇಲ್ಲಿ ಸಿಗದ ಪ್ರಿಂಟು, ಹೊಲಿಗೆಯ ಕಟ್ ಇದ್ದರೆ ತರಿಸಿ. ಸಾದಾ ಟೀ ಆದರೆ ಲೇಬಲ್ಲಿನಲ್ಲಿ ದೇಶದ ಹೆಸರು ಮೊದಲು ನೋಡಿ. ನಮ್ಮದೇ ತಮಿಳುನಾಡಿನ ತಿರುಪ್ಪೂರಿನಲ್ಲಿ ಹೊಲಿದದ್ದನ್ನು ಲಂಡನ್ನಿನಿಂದ ಸುಂಕ ಕಟ್ಟಿ ತರಿಸುವ ಅಗತ್ಯವಿಲ್ಲ.