ಹಳೆ ಸರ್ವರೋ, ಹಳೆ ವರ್ಕ್‌ಸ್ಟೇಷನ್ನೋ?

ಕಂಪ್ಯೂಟರ್ ಗೇಮ್ ಆಡಲು ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆ ಸರ್ವರ್ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಡೊಂಬಿವಲಿಯ ಒಂದು ಕೋಣೆಯ ಮನೆಗೆ ಹೊತ್ತೊಯ್ಯುವ ಮುನ್ನ ಅದರ ಸದ್ದು ಕೇಳಿ. ಡೆಲ್ ಆರ್720 ಸರ್ವರಿನಲ್ಲಿ ಎರಡು ಝಿಯಾನ್ ಪ್ರೊಸೆಸರ್, ರಾಶಿ ರ್‍ಯಾಮ್. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು (ವಿಎಂ) ನಡೆಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕಿ, ಬಯಾಸ್‌ ಸೆಟ್ಟಿಂಗ್‌ಗಳಲ್ಲಿ ವಿಟಿ-ಡಿ ಎಂಬ ಆಯ್ಕೆ ಆನ್ ಮಾಡಿದರೆ ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ವಿಂಡೋಸ್ ವಿಎಂಗೆ ಒಪ್ಪಿಸಬಹುದು. ಅಣ್ಣ-ತಂಗಿ ಇಬ್ಬರೂ ಆಡಬೇಕೆಂದರೆ ಎರಡು ಕಾರ್ಡ್, ಎರಡು ವಿಎಂ. ಆದರೆ ಡೆಲ್‌ನದಲ್ಲದ ಕಾರ್ಡ್ ಕಂಡರೆ ಪುಟ್ಟ ಫ್ಯಾನ್‌ಗಳು ಕಿರುಚತೊಡಗುತ್ತವೆ. ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ಲೂ ಹುಡುಕಬೇಕು.

ಎಚ್‌ಪಿ ಝೆಡ್440 ವರ್ಕ್‌ಸ್ಟೇಷನ್ನಿನಲ್ಲಿ (ಭಾರಿ ಕೆಲಸಕ್ಕೆಂದು ಮಾಡಿದ ಡೆಸ್ಕ್‌ಟಾಪ್) ಒಂದೇ ಪ್ರೊಸೆಸರ್. ಆದರೂ ನನ್ನ ಓಟು ಇದಕ್ಕೇ. ಆಟಕ್ಕೆ ಪ್ರೊಸೆಸರಿನೊಳಗಿನ ಕೋರ್‌ಗಳ ಸಂಖ್ಯೆಗಿಂತ ಒಂದೊಂದರ ವೇಗ ಮುಖ್ಯ. 700 ವ್ಯಾಟ್ ಪವರ್ ಸಪ್ಲೈ ಇದೆ, ಪಕ್ಕದಲ್ಲೇ ಮಲಗಿದವರಿಗೆ ನಿದ್ದೆಯೂ ಬರುತ್ತದೆ.

ವ್ಯಾಲರಂಟ್ ಆಡುವವರು ಯಾವುದನ್ನೇ ಕೊಂಡರೂ ವಿಎಂ ಬಿಟ್ಟು ನೇರವಾಗಿ ವಿಂಡೋಸ್ ಹಾಕಿಕೊಳ್ಳಿ. ಆ ಆಟದ ಮೋಸ-ತಡೆ ತಂತ್ರಾಂಶ ವ್ಯಾನ್‌ಗಾರ್ಡ್ ವಿಎಂ ಒಳಗೆ ಆಡಲು ಬಿಡುವುದಿಲ್ಲ.