ತೂಕದ ಡಮ್ಮಿ ತೋಟಾಗಳು: ಒಂಬತ್ತು ತಿಂಗಳು ಬಳಸಿದ ಮೇಲೆ

ಹನ್ನೆರಡು ಬೋರಿನ ಶಾಟ್‌ಗನ್‌ಗೆ ಬೇಗನೆ, ತಪ್ಪಿಲ್ಲದೆ ತೋಟಾ ತುಂಬುವ ಅಭ್ಯಾಸವನ್ನು ಮನೆಯಲ್ಲೇ ಮಾಡಲೆಂದು ಕಳೆದ ಒಂಬತ್ತು ತಿಂಗಳಲ್ಲಿ ನಾನು ಮೂರು ಬಗೆಯ ಡಮ್ಮಿ ತೋಟಾಗಳನ್ನು, ಅಂದರೆ ಸಿಡಿಯದ ನಕಲಿ ತೋಟಾಗಳನ್ನು, ಕೊಂಡಿದ್ದೇನೆ. ಮೊದಲನೆಯದು ಪೂರ್ತಿ ಪ್ಲಾಸ್ಟಿಕ್ಕಿನದು. ಎರಡನೆಯದು ಅಲ್ಯೂಮಿನಿಯಮ್ಮಿನದು. ಮೂರನೆಯದು, ನಿಜವಾದ ತೋಟಾದಷ್ಟೇ ತೂಗುವಂತೆ ಒಳಗೆ ಭಾರ ತುಂಬಿ, ಲೋಹದ ತಳವನ್ನು ಹಾಗೆಯೇ ಉಳಿಸಿಕೊಂಡದ್ದು. ಈ ಬರಹ ಮುಖ್ಯವಾಗಿ ಮೂರನೆಯದನ್ನು ಕುರಿತದ್ದು. ಉಳಿದೆರಡಕ್ಕೆ ಹಾಕಿದ ಹಣ ಪೂರ್ತಿ ವ್ಯರ್ಥವಾಯಿತೆಂದು ಹೇಳಲಾರೆ, ಆದರೆ ಅವುಗಳಿಂದ ಕಲಿತದ್ದರಲ್ಲಿ ಅರ್ಧವನ್ನು ಮರೆಯಲು ನನಗೆ ಎರಡು ತಿಂಗಳು ಹಿಡಿಯಿತು.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಹೊರವಲಯದಲ್ಲಿ. ಇಲ್ಲಿ ಪಿಸ್ತೂಲು, ರೈಫಲ್ ಮತ್ತು ಶಾಟ್‌ಗನ್ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಬಳಸುವ ಥ್ರೀ ಗನ್ ಎಂಬ ಆಟಕ್ಕೆ ಒಳ್ಳೆಯ ನೆಲೆಯಿದೆ. ಪಿಸ್ತೂಲಿಗೂ ರೈಫಲಿಗೂ ಡಬ್ಬಿ ಮ್ಯಾಗಜಿನ್ ಇರುವುದರಿಂದ ಖಾಲಿಯಾದದ್ದನ್ನು ಕಳಚಿ ತುಂಬಿದ್ದನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಶಾಟ್‌ಗನ್‌ನಲ್ಲಿ ತೋಟಾಗಳು ನಿಲ್ಲುವುದು ನಳಿಗೆಯ ಕೆಳಗಿನ ಕೊಳವೆಯಲ್ಲಿ. ಅದನ್ನು ಪ್ರತಿ ಸಲವೂ ಕೈಯಿಂದಲೇ ತುಂಬಬೇಕು. ಡಬ್ಬಿ ಮ್ಯಾಗಜಿನ್ನಿನ ಶಾಟ್‌ಗನ್‌ಗಳೂ ಇವೆ, ಅವುಗಳಿಗೆ ಓಪನ್ ಎಂಬ ಬೇರೆ ವಿಭಾಗವಿದೆ. ಕೊಳವೆಯ ಕೋವಿ ಹಿಡಿದವರಿಗೆ ಮಾತ್ರ, ಸ್ಪರ್ಧೆಯ ಒಂದೇ ಸ್ಟೇಜಿನಲ್ಲಿ (ಸುತ್ತಿನಲ್ಲಿ) ಇಪ್ಪತ್ತಕ್ಕೂ ಹೆಚ್ಚು ಗುರಿಗಳು ಬಂದಾಗ, ಹೊಡೆಯಲು ತೆಗೆದುಕೊಳ್ಳುವ ಸಮಯಕ್ಕಿಂತ ತುಂಬಲು ತೆಗೆದುಕೊಳ್ಳುವ ಸಮಯವೇ ಹೆಚ್ಚಾಗುತ್ತದೆ. ಗುರಿಕಾರಿಕೆಯಲ್ಲಿ ನನಗಿಂತ ಹಿಂದಿರುವವರು ಅಂಕಪಟ್ಟಿಯಲ್ಲಿ ನನ್ನ ಮೇಲೆ ಕುಳಿತಿದ್ದನ್ನು ನಾಲ್ಕು ಸ್ಪರ್ಧೆಗಳಲ್ಲಿ ನೋಡಿದ ಮೇಲೆ ಈ ಲೆಕ್ಕ ನನಗೆ ಅರ್ಥವಾಯಿತು.

ಕೊಡಗಿನ ಮನೆಯಲ್ಲಿ ಬೆಳೆದವನಿಗೆ ಕೋವಿ ಹೊಸದಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆಗಿಡುತ್ತಿದ್ದ ನಮ್ಮ ಜೋಡುನಳಿಗೆ ಕೋವಿಯನ್ನು ನಡುವೆ ಮಡಚಿ ತೆರೆದು, ಎರಡು ತೋಟಾ ಇಳಿಸಿ, ಮತ್ತೆ ಮುಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ತುಂಬುವ ವೇಗವನ್ನು ಯಾರೂ ಅಳೆಯುವುದಿಲ್ಲ, ಕಾಯಿ ಒಡೆಯಿತೇ ಇಲ್ಲವೇ ಎನ್ನುವುದಷ್ಟೇ ಅಲ್ಲಿ ಮುಖ್ಯ. ನನ್ನ ಅಭ್ಯಾಸದ ವಿಡಿಯೊ ನೋಡಿದ ಅಪ್ಪ, "ಇದೇನು ಮಾರಾಯ, ಇಸ್ಪೀಟು ಹಂಚಿದ ಹಾಗೆ?" ಎಂದು ಕೇಳಿದ್ದರು. ಹೋಲಿಕೆ ಸರಿಯಾಗಿಯೇ ಇತ್ತು.

ಏಕೆಂದರೆ ಇಂದು ಇಲ್ಲಿ ರೂಢಿಯಲ್ಲಿರುವುದು ಕ್ವಾಡ್ ಲೋಡ್, ಅಂದರೆ ಒಂದೇ ಹಿಡಿತಕ್ಕೆ ನಾಲ್ಕು ತೋಟಾ ತೆಗೆದು ತುಂಬುವ ವಿಧಾನ. ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಕ್ಯಾಡಿಯಲ್ಲಿ ತೋಟಾಗಳು ಒಂದರ ಮೇಲೊಂದರಂತೆ ಎರಡೆರಡಾಗಿ, ಅಕ್ಕಪಕ್ಕದ ಎರಡು ಸಾಲಿನಲ್ಲಿ ನಿಂತಿರುತ್ತವೆ. ಬಲಗೈಯಲ್ಲಿ ಕೋವಿಯ ಹಿಡಿ ಹಿಡಿದು, ಹಿಂಭಾಗವನ್ನು ಭುಜದ ಮೇಲಿಟ್ಟು, ನಳಿಗೆಯ ಬಾಯಿ ಗುರಿಯ ದಿಕ್ಕಿನಲ್ಲೇ ಇರುವಂತೆ ಕೋವಿಯನ್ನು ಮಗುಚಿದಾಗ, ತುಂಬುವ ಕಿಂಡಿ ಕಣ್ಣೆದುರಿಗೆ ಮೇಲ್ಮುಖವಾಗಿ ಬರುತ್ತದೆ. ಎಡಗೈ ಕ್ಯಾಡಿಯಿಂದ ನಾಲ್ಕನ್ನೂ ಎಳೆದು ತಂದು, ಮೊದಲ ಸಾಲಿನ ಜೋಡಿಯನ್ನು ಹೆಬ್ಬೆರಳಿನಿಂದ ಒಂದೇ ನೂಕಿಗೆ ಕೊಳವೆಯೊಳಗೆ ಕಳಿಸಿ, ಅಂಗೈಯಲ್ಲಿ ಉಳಿದ ಜೋಡಿಯನ್ನು ಕಿಂಡಿಯ ಮೇಲೆ ತಂದು ಮತ್ತೊಮ್ಮೆ ನೂಕಬೇಕು. ನುರಿತವರು ಇಷ್ಟನ್ನೂ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ನೂಕು ಅರೆಮನಸ್ಸಿನದಾದರೆ ಹಿಂದಿನ ತೋಟಾದ ಅಂಚು ಒಳಗಿನ ತಡೆಯನ್ನು ದಾಟುವುದಿಲ್ಲ. ಕೊಳವೆಯ ಸ್ಪ್ರಿಂಗು ಅದನ್ನು ಹಿಂದಕ್ಕೆ ಒತ್ತಿ ಲಿಫ್ಟರ್ (ತೋಟಾವನ್ನು ನಳಿಗೆಯ ಮಟ್ಟಕ್ಕೆ ಎತ್ತುವ ತಟ್ಟೆ) ಮೇಲೆ ಕಕ್ಕಿಬಿಡುತ್ತದೆ. ಆಗ ಎರಡಲ್ಲ, ಆರೇಳು ಸೆಕೆಂಡು ಹೋದವೆಂದೇ ಲೆಕ್ಕ.

ಇಷ್ಟು ಸೂಕ್ಷ್ಮ ಕೆಲಸವನ್ನು ಪ್ಲಾಸ್ಟಿಕ್ ಡಮ್ಮಿಯಿಂದ ಕಲಿಯಲು ಹೊರಟದ್ದು ನನ್ನ ಮೊದಲ ತಪ್ಪು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಅದು 12 ಗ್ರಾಂ ಕೂಡ ತೂಗಲಿಲ್ಲ. ನಾನು ಸ್ಪರ್ಧೆಯಲ್ಲಿ ಬಳಸುವ, 32 ಗ್ರಾಂ ಚರೆಯ (ಸಣ್ಣ ಗುಂಡುಗಳ) ತೋಟಾ 44 ಗ್ರಾಂ ತೂಗುತ್ತದೆ. ನಾಲ್ಕು ಪ್ಲಾಸ್ಟಿಕ್ ತೋಟಾಗಳು ಬೆರಳ ತುದಿಯ ಹಿಡಿತಕ್ಕೇ ನಿಲ್ಲುತ್ತವೆ, ನಾಲ್ಕು ನಿಜವಾದ ತೋಟಾಗಳು ನಿಲ್ಲುವುದಿಲ್ಲ. ಅವುಗಳಿಗೆ ಬೆರಳುಗಳ ಬುಡದವರೆಗೆ ಕೈ ಇಳಿಯಬೇಕು, ಕಿರುಬೆರಳು ಕೆಳಗಿನಿಂದ ಆಸರೆ ಕೊಡಬೇಕು. ಮನೆಯಲ್ಲಿ ಮೂರು ವಾರ ಹೂವೆತ್ತುವಂತೆ ಅಭ್ಯಾಸ ಮಾಡಿ ರೇಂಜಿಗೆ ಹೋದ ದಿನ, ಮೊದಲ ಹಿಡಿತದಲ್ಲೇ ಎರಡು ತೋಟಾ ಜಾರಿ ಜಲ್ಲಿಯ ಮೇಲೆ ಬಿದ್ದವು. ಎರಡನೆಯ ಹಿಡಿತದಲ್ಲಿ ಒಂದು ಬಿತ್ತು. ಪ್ಲಾಸ್ಟಿಕ್ ಡಮ್ಮಿಯ ಅಂಚು ದಪ್ಪಗೂ ಮೆದುವಾಗಿಯೂ ಇರುವುದರಿಂದ ತಡೆಯನ್ನು ದಾಟುವಾಗ ಕೇಳಿಸಬೇಕಾದ ಕ್ಲಿಕ್ ಸದ್ದು ಕೂಡ ಮಂಕಾಗಿರುತ್ತದೆ. ಕುದುರೆ (ಟ್ರಿಗರ್) ಎಳೆಯುವ ಅಭ್ಯಾಸಕ್ಕೆ ಅವು ಸಾಕು, ತುಂಬುವ ಅಭ್ಯಾಸಕ್ಕೆ ಖಂಡಿತ ಬೇಡ.

ಅಲ್ಯೂಮಿನಿಯಮ್ಮಿನವು ಗಟ್ಟಿಮುಟ್ಟಾಗಿವೆ, ಅಳತೆಯೂ ಕರಾರುವಾಕ್ಕಾಗಿದೆ. ಅವುಗಳ ದೋಷವೆಂದರೆ ನಯ. ನಿಜವಾದ ತೋಟಾದ ಮೂತಿ, ಪ್ಲಾಸ್ಟಿಕ್ ಹೊದಿಕೆಯನ್ನು ನಕ್ಷತ್ರದಂತೆ ಮಡಿಚಿ ಮುಚ್ಚಿದ್ದು. ಅದಕ್ಕೆ ಆರೋ ಎಂಟೋ ಮಡಿಕೆಗಳಿರುತ್ತವೆ, ಕಿಂಡಿಯ ಅಂಚಿಗೆ ಓರೆಯಾಗಿ ತಾಗಿದರೆ ಅದು ಕಚ್ಚಿಕೊಳ್ಳುತ್ತದೆ. ಉರುಟಾಗಿ ಕಡೆದ ಲೋಹದ ಮೂತಿ ಎಲ್ಲಿ ತಾಗಿದರೂ ಜಾರಿ ಒಳಗೆ ಹೋಗುತ್ತದೆ, ಕೈಯ ಓರೆ ಎಷ್ಟಿತ್ತೆಂದು ತಿಳಿಯುವುದೇ ಇಲ್ಲ.

ತೂಕದ ಡಮ್ಮಿ ಗೆಲ್ಲುವುದು ಇಲ್ಲಿಯೇ. ಇಂಥವುಗಳನ್ನು ಇಲ್ಲಿ ಸಣ್ಣ ಪ್ರಮಾಣದ ತಯಾರಕರು ಅಂತರ್ಜಾಲದಲ್ಲಿ ಮಾರುತ್ತಾರೆ. ನಾನು ಕೊಂಡದ್ದು ಹನ್ನೆರಡರ ಪೊಟ್ಟಣ, ಕೊಟ್ಟದ್ದು 38 ಡಾಲರ್. ಹೊದಿಕೆ ನಿಜವಾದ ತೋಟಾದ್ದೇ, ಮೂತಿಯ ಮಡಿಕೆಯೂ ಹಾಗೆಯೇ ಇದೆ, ಮದ್ದು ಮತ್ತು ಅದಕ್ಕೆ ಕಿಡಿ ಹೊತ್ತಿಸುವ ತಳದ ಕೇಪು ಮಾತ್ರ ಇಲ್ಲ. ಕೇಪಿನ ಜಾಗದಲ್ಲಿ ಬಣ್ಣದ ರಬ್ಬರು ತುಂಬಿದ್ದಾರೆ. ನನ್ನ ಹನ್ನೆರಡರಲ್ಲಿ ಹನ್ನೊಂದು 42ರಿಂದ 44 ಗ್ರಾಮಿನೊಳಗೆ ತೂಗಿದವು, ಒಂದು ಮಾತ್ರ 38ಕ್ಕೆ ನಿಂತಿತು. ಕಣ್ಣುಮುಚ್ಚಿ ಕೈಗೆತ್ತಿಕೊಂಡರೆ ಆ ಒಂದನ್ನು ನಾನು ಇಂದಿಗೂ ಗುರುತಿಸಬಲ್ಲೆ. ಭಾರ ಇರುವ ಜಾಗವೂ ಸರಿಯಾಗಿದೆ, ಅಂದರೆ ತಳದಲ್ಲಿ ಅಲ್ಲ, ಚರೆ ಇರಬೇಕಾದ ಮುಂಭಾಗದಲ್ಲಿ. ಇದು ಸಣ್ಣ ಸಂಗತಿಯಂತೆ ಕಂಡರೂ, ಎರಡು ತೋಟಾಗಳನ್ನು ಒಂದರ ಹಿಂದೊಂದು ಹಿಡಿದಾಗ ಮುಂದಿನದರ ಮೂತಿ ಕೆಳಗೆ ಬಾಗಲು ನೋಡುತ್ತದೆ. ಆ ಬಾಗುವಿಕೆಯನ್ನು ತೋರುಬೆರಳಿನಿಂದ ತಡೆಯುವುದನ್ನು ಕಲಿಸುವುದು ಈ ಭಾರವೇ. ಕೈಗೆ ಸುಳ್ಳು ಹೇಳದ ಡಮ್ಮಿ ಎಂದು ಇದನ್ನು ಕರೆಯಬಹುದು, ಮತ್ತು ಅಭ್ಯಾಸದ ಸಾಧನದಲ್ಲಿ ನಾನು ನೋಡುವ ಗುಣ ಈಗ ಅದೊಂದೇ.

ಜತೆಗೆ ಕೊಂಡ ಕ್ಯಾಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಕ್ಕಿನ ಪಟ್ಟಿಯ ಹಿಡಿತ ಆರಂಭದಲ್ಲಿ ವಿಪರೀತ ಬಿಗಿಯಾಗಿತ್ತು, ಒಂದು ವಾರ ತೋಟಾ ಸಿಕ್ಕಿಸಿಟ್ಟ ಮೇಲೆ ಹದಕ್ಕೆ ಬಂತು. ಆದರೆ ಕ್ಯಾಡಿಯ ಕೋನವನ್ನು ಹೊಂದಿಸುವ ತಿರುಪು ಮೇಲಿಂದ ಮೇಲೆ ಸಡಿಲವಾಗುತ್ತದೆ. ತಿರುಪಿಗೆ ಹಾಕುವ ನೀಲಿ ಅಂಟಿನ ಒಂದು ಹನಿ ಅದಕ್ಕೆ ಮದ್ದಾಯಿತು. ಕೋನ ಐದು ಡಿಗ್ರಿ ಬದಲಾದರೂ ಎಡಗೈ ಮಣಿಕಟ್ಟು ತೊಡಕಿಕೊಳ್ಳುವುದರಿಂದ, ಹೊಂದಿದ ಜಾಗವನ್ನು ಬೆಲ್ಟಿನ ಮೇಲೆ ಬಿಳಿ ಬಣ್ಣದಿಂದ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಇನ್ನು ದೂರು. ಪೊಟ್ಟಣದ ಮೇಲಿನ ಚಿತ್ರದಲ್ಲಿ ಕಿತ್ತಳೆ ಬಣ್ಣದ ತೋಟಾಗಳಿದ್ದವು, ಬಂದದ್ದು ಹಸಿರು. ನನ್ನ ಸ್ಪರ್ಧೆಯ ತೋಟಾಗಳೂ ಹಸಿರೇ. ವಾಪಸು ಕಳಿಸುವ ಸೋಮಾರಿತನದಿಂದ ಅವನ್ನೇ ಇಟ್ಟುಕೊಂಡು, ಎರಡು ಪೆಟ್ಟಿಗೆ, ಎರಡು ಕೋಣೆ ಎಂದು ನಿಯಮ ಮಾಡಿಕೊಂಡೆ. ಆದರೂ ಮೂರನೆಯ ತಿಂಗಳಿನಲ್ಲಿ ಒಂದು ಡಮ್ಮಿ ಬೆಲ್ಟಿನಲ್ಲೇ ಉಳಿದು ಸ್ಪರ್ಧೆಗೆ ಬಂತು. ಉಕ್ಕಿನ ಗುರಿಯ ಎದುರು ನಿಂತು ಕುದುರೆ ಎಳೆದಾಗ ಈಡಿನ ಸದ್ದಿಗೆ ಬದಲು "ಟಕ್" ಎಂದಿತು, ಬೋಲ್ಟ್ ಎಳೆದಾಗ ರಬ್ಬರಿನ ತಳದ ತೋಟಾ ಕಾಲ ಬಳಿ ಬಿತ್ತು, ಹಿಂದೆ ನಿಂತ ರೇಂಜ್ ಅಧಿಕಾರಿ ಅದನ್ನೂ ನನ್ನನ್ನೂ ಒಮ್ಮೆ ನೋಡಿದರು. ನಷ್ಟವಾದದ್ದು ಮೂರು ಸೆಕೆಂಡು ಮತ್ತು ಒಂದಷ್ಟು ಮಾನ. ಆದರೆ ಇದೇ ತಪ್ಪು ತಿರುವುಮುರುವಾಗಿ, ಸ್ಪರ್ಧೆಯ ತೋಟಾ ಮನೆಯ ಅಭ್ಯಾಸದೊಳಗೆ ಬಂದಿದ್ದರೆ ಏನಾಗುತ್ತಿತ್ತೆಂದು ಅಂದು ರಾತ್ರಿ ಯೋಚಿಸಿದವನು ನಿದ್ದೆ ಮಾಡಲಿಲ್ಲ. ಡಮ್ಮಿಗಳ ಹೊದಿಕೆಗೆ ಮರುದಿನವೇ ಗುಲಾಬಿ ಬಣ್ಣದ ಪಟ್ಟೆ ಬಳಿದೆ. ತಿಂಗಳೊಳಗೆ ಕಿಂಡಿಯಲ್ಲಿ ತಿಕ್ಕಿ ತಿಕ್ಕಿ ಆ ಬಣ್ಣ ಹೋಯಿತು. ಹೊದಿಕೆಯ ಪ್ಲಾಸ್ಟಿಕ್ಕಿಗೇ ಬೇರೆ ಬಣ್ಣ ಇರಬೇಕು, ಮೇಲೆ ಬಳಿದದ್ದು ನಿಲ್ಲುವುದಿಲ್ಲ. ಇಂಥ ಸರಕಿನ ತಯಾರಕನಿಗೆ ಇದು ಐಚ್ಛಿಕ ವಿಷಯವಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಅಭ್ಯಾಸಕ್ಕೆ ಮುನ್ನ ಕೋವಿಯ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಮತ್ತು ಕೊಳವೆ ಎರಡನ್ನೂ ಬೆರಳು ತೂರಿಸಿ ಪರೀಕ್ಷಿಸುತ್ತೇನೆ, ಪ್ರತಿ ಡಮ್ಮಿಯ ತಳವನ್ನು ನೋಡಿಯೇ ಕ್ಯಾಡಿಗೆ ಏರಿಸುತ್ತೇನೆ, ನಿಜವಾದ ತೋಟಾ ಅಭ್ಯಾಸದ ಕೋಣೆಯೊಳಗೆ ಬರುವುದೇ ಇಲ್ಲ.

ಫಲಿತಾಂಶವನ್ನೂ ಹೇಳಬೇಕು. ಮೊಬೈಲಿನ ಉಚಿತ ಟೈಮರ್‌ನಲ್ಲಿ ಎರಡು ಬೀಪ್ ಇಟ್ಟುಕೊಂಡು, ಅವುಗಳ ನಡುವಿನ ಅಂತರವನ್ನು ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತ, ದಿನಕ್ಕೆ ಹದಿನೈದು ನಿಮಿಷ ಅಭ್ಯಾಸ ಮಾಡಿದೆ. ನಾಲ್ಕು ತೋಟಾ ತುಂಬಲು ಆರಂಭದಲ್ಲಿ ಏಳು ಸೆಕೆಂಡು ಬೇಕಾಗುತ್ತಿತ್ತು, ಈಗ ಮೂರೂವರೆಯಿಂದ ನಾಲ್ಕು ಸಾಕು. ಅಷ್ಟು ದೊಡ್ಡ ಸಾಧನೆಯೇನೂ ಅಲ್ಲ, ಆದರೆ ಉಳಿತಾಯವಾದದ್ದು ಎಲ್ಲಿ ಎನ್ನುವುದು ನನಗೆ ಅಚ್ಚರಿ ತಂದಿತು. ನೂಕುವ ವೇಗ ಹೆಚ್ಚುಕಡಿಮೆ ಹಾಗೆಯೇ ಇದೆ. ಸಮಯ ಉಳಿದದ್ದೆಲ್ಲ ಕ್ಯಾಡಿಯ ಬಳಿ. ಕೈ ಸರಿಯಾಗಿ ಬಿದ್ದರೆ ಉಳಿದದ್ದು ತಾನಾಗಿಯೇ ಆಗುತ್ತದೆ, ಬೀಳದಿದ್ದರೆ ತೋಟಾಗಳನ್ನು ಅಂಗೈಯೊಳಗೆ ಹೊರಳಿಸಿ ಸರಿಮಾಡುವುದರಲ್ಲೇ ಒಂದು ಸೆಕೆಂಡು ಕಳೆಯುತ್ತದೆ. ಆದ್ದರಿಂದ ಈಗ ನನ್ನ ಅಭ್ಯಾಸದಲ್ಲಿ ಅರ್ಧ ಪಾಲು, ಬರೀ ನಾಲ್ಕನ್ನು ಎಳೆದು ಕಿಂಡಿಯವರೆಗೆ ತಂದು, ತುಂಬದೆ ಹಾಗೆಯೇ ಮತ್ತೆ ಕ್ಯಾಡಿಗೆ ಏರಿಸುವುದು.

ಒಂದು ಮೋಸವನ್ನು ಮಾತ್ರ ತೂಕದ ಡಮ್ಮಿಯೂ ಹಿಡಿದುಕೊಡುವುದಿಲ್ಲ. ಮನೆಯಲ್ಲಿ ನಾವು ಯಾವಾಗಲೂ ಖಾಲಿ ಕೊಳವೆಯಿಂದ ಆರಂಭಿಸುತ್ತೇವೆ, ಆಗ ಸ್ಪ್ರಿಂಗು ಮೃದುವಾಗಿರುತ್ತದೆ. ಏಳನೆಯ, ಎಂಟನೆಯ ತೋಟಾಕ್ಕೆ ಬರುವ ಹೊತ್ತಿಗೆ ಅದೇ ಸ್ಪ್ರಿಂಗು ಬಿಗಿದು ನಿಂತಿರುತ್ತದೆ; ಅಲ್ಲಿ ಜೋಡಿ ನೂಕಲು ಹೆಬ್ಬೆರಳ ತುದಿ ಸಾಲದು, ಮೊಣಕೈಯಿಂದಲೇ ಬಲ ಬರಬೇಕು. ನಾನು ಈಗ ಮೊದಲೇ ನಾಲ್ಕು ಡಮ್ಮಿ ತುಂಬಿಟ್ಟು, ಐದರಿಂದ ಎಂಟರವರೆಗಿನದನ್ನೇ ಅಭ್ಯಾಸ ಮಾಡುತ್ತೇನೆ. ಹನ್ನೆರಡರ ಪೊಟ್ಟಣ ಬೇಕು, ಆರರದು ಸಾಲದು ಎನ್ನುವುದಕ್ಕೆ ಇದೇ ಕಾರಣ. ಪಕ್ಷಿ ಬೇಟೆಗೆ ಮಾತ್ರ ಕೋವಿ ಇಟ್ಟುಕೊಂಡವರಿಗೆ ಈ ಯಾವುದೂ ಬೇಕಾಗಿಲ್ಲ: ಅಮೆರಿಕದ ಕಾನೂನಿನಂತೆ ಬಾತುಕೋಳಿಯಂಥ ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಒಟ್ಟು ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಸುವಂತಿಲ್ಲ, ಕೊಳವೆಗೆ ಕಟ್ಟಿಗೆಯದೋ ಪ್ಲಾಸ್ಟಿಕ್ಕಿನದೋ ಅಡ್ಡಕಡ್ಡಿ ಹಾಕಿರಲೇಬೇಕು.

ಬಾಳಿಕೆಯ ವಿಷಯದಲ್ಲಿ ಹೇಳುವುದಾದರೆ, ಒಂಬತ್ತು ತಿಂಗಳಲ್ಲಿ ಹನ್ನೆರಡರ ಪೈಕಿ ಮೂರರ ಮೂತಿಯ ಮಡಿಕೆ ಬಿಚ್ಚಿಕೊಂಡು ಒಳಗಿನ ಭಾರ ಕಾಣಿಸುತ್ತಿದೆ, ಎರಡರ ತಳದ ಅಂಚಿನಲ್ಲಿ ಚೂಪು ಎದ್ದಿದೆ. ಚೂಪಾದದ್ದು ಹೆಬ್ಬೆರಳನ್ನು ಕೊಯ್ಯುತ್ತದೆ, ಆದ್ದರಿಂದ ಆ ಐದನ್ನೂ ಎಸೆದಿದ್ದೇನೆ. ಉಳಿದ ಏಳನ್ನಿಟ್ಟುಕೊಂಡು ಐದನೆಯದರಿಂದ ಎಂಟನೆಯದರವರೆಗಿನ ಅಭ್ಯಾಸ ಆಗುವುದಿಲ್ಲವಾದ್ದರಿಂದ ಕಳೆದ ವಾರ ಇನ್ನೊಂದು ಪೊಟ್ಟಣಕ್ಕೆ ಹೇಳಿ ಕಳಿಸಿದ್ದೇನೆ, ಬೇರೆ ತಯಾರಕನಿಗೆ, ಹೊದಿಕೆ ಕಿತ್ತಳೆ ಬಣ್ಣದ್ದೇ ಬರುತ್ತದೆಂದು ಫೋನಿನಲ್ಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ.