ಸೆಲ್ಯುಲಾಯ್ಡ್ ಹಿಡಿಯ ಹಳೆಯ ಚಾಕುವನ್ನು ಬೇರೆಯವುಗಳ ಜೊತೆ ಮುಚ್ಚಿಡಬೇಡಿ

ಚರ್ಮದ ಸುರುಳಿಯೊಂದರಲ್ಲಿ 24 ಹಳೆಯ ಅಮೆರಿಕನ್ ಜೇಬುಚಾಕುಗಳು. ಸುರುಳಿಗೆ ಜಿಪ್, ಅದರ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ಇದ್ದದ್ದು ಪೆನ್ಸಿಲ್ವೇನಿಯಾದ ಮನೆಯೊಂದರ ಅಟ್ಟದಲ್ಲಿ. ಎರಡು ಬೇಸಿಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ತೆರೆದಾಗ ಒಂಬತ್ತು ಚಾಕುಗಳ ಅಲಗಿನ ಮೇಲೆ ಕೆಂಪು ತುಕ್ಕು, ಐದರ ಹಿತ್ತಾಳೆ ಪಿನ್ನುಗಳ ಸುತ್ತ ಹಸಿರು ಕಿಲುಬು. ಎರಡರಲ್ಲಂತೂ ಬೆನ್ನಿನ ಸ್ಪ್ರಿಂಗ್ ಕಚ್ಚಿಕೊಂಡು ಅಲಗು ಬಿಚ್ಚಲೂ ಬರುತ್ತಿರಲಿಲ್ಲ. ಇಷ್ಟಕ್ಕೂ ಕಾರಣ ನಡುವಿನ ಜೇಬಿನಲ್ಲಿದ್ದ ಒಂದೇ ಚಾಕು. ಅದರ ಹಿಡಿ ಆಮೆಚಿಪ್ಪಿನ ಬಣ್ಣದ, ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುವ ಸೆಲ್ಯುಲಾಯ್ಡ್. ಉಳಿದವು ಹೆಚ್ಚಾಗಿ ಮೂಳೆಯ ಹಿಡಿಯವು, ಕೆಲವು ಕಡವೆ ಕೊಂಬಿನವು. ಆ ಹಿಡಿಗಳಲ್ಲಿ ಯಾವ ದೋಷವೂ ಇರಲಿಲ್ಲ.

ಮನೆಯವರು ಮೊದಲು ದೂರಿದ್ದು ತೇವವನ್ನು. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದೇ ಸುರುಳಿಯನ್ನು ಅದೇ ಡಬ್ಬಿಗೆ ತುಂಬಿ ಮತ್ತೆ ಮುಚ್ಚಿಟ್ಟರು. ಆರು ತಿಂಗಳಲ್ಲಿ ಇನ್ನೂ ನಾಲ್ಕು ಹೋದವು. ಈ ಎರಡನೆಯ ನಷ್ಟವನ್ನು ಖಂಡಿತ ತಪ್ಪಿಸಬಹುದಿತ್ತು. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಸೆಲ್ಯುಲಾಯ್ಡ್ ಅಂದರೆ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಸೇರಿಸಿ ಮಾಡಿದ ಪ್ಲಾಸ್ಟಿಕ್. ಜಾನ್ ವೆಸ್ಲಿ ಹಯಟ್ ಇದಕ್ಕೆ 1870ರಲ್ಲಿ ಪೇಟೆಂಟ್ ಪಡೆದರು. ಕರ್ಪೂರವೇ ಅದನ್ನು ಮೆತುವಾಗಿ, ಒಡೆಯದಂತೆ ಹಿಡಿದಿಡುವುದು. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಹಚ್ಚದೆಯೇ ಸವೆಯುತ್ತದಲ್ಲ, ಹಿಡಿಯೊಳಗಿನ ಕರ್ಪೂರವೂ ಹಾಗೆಯೇ ವರ್ಷಗಟ್ಟಲೆ ಆರಿಹೋಗುತ್ತಾ ಬರುತ್ತದೆ. ಆಗ ಹಿಡಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಅದರ ಜೊತೆಗೆ ನೈಟ್ರೋಸೆಲ್ಯುಲೋಸ್ ಒಡೆದು ಸಾರಜನಕದ ಆಕ್ಸೈಡ್ ಅನಿಲಗಳು ಹೊರಬರುತ್ತವೆ. ಗಾಳಿಯ ತೇವ ಸೇರಿದರೆ ಅವು ನೈಟ್ರಿಕ್ ಆಮ್ಲವಾಗುತ್ತವೆ. ಆ ಆಮ್ಲ ಉಕ್ಕನ್ನೂ ಹಿತ್ತಾಳೆಯನ್ನೂ ತಿನ್ನುವುದಲ್ಲದೆ, ಹಿಡಿಯೊಳಗಿನ ಒಡೆತವನ್ನೂ ಇನ್ನಷ್ಟು ಚುರುಕುಗೊಳಿಸುತ್ತದೆ. ಬಿಸಿ ಸೇರಿದರೆ ವೇಗ ಮತ್ತೂ ಹೆಚ್ಚು. ಅಮೆರಿಕದ ಮನೆಗಳ ಅಟ್ಟ ಬೇಸಿಗೆಯಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಮುಚ್ಚಿದ ಡಬ್ಬಿಯಲ್ಲಿ ಅನಿಲಕ್ಕೆ ಹೊರದಾರಿಯಿಲ್ಲ. ಸಿಲಿಕಾ ಜೆಲ್ ಒಂದಷ್ಟು ನೀರಾವಿ ಹೀರಿತು, ಆದರೆ ಅನಿಲ ಬಿಡುತ್ತಿದ್ದ ಹಿಡಿ ಒಳಗೇ ಇತ್ತು.

ಒಂದೇ ವರ್ಷದ ಎರಡು ಚಾಕುಗಳಲ್ಲಿ ಒಂದು ಇಂದಿಗೂ ಹೊಸದರಂತೆ ಇರುತ್ತದೆ, ಇನ್ನೊಂದು ಪುಡಿಯಾಗುತ್ತದೆ. ತಯಾರಿಸುವಾಗ ನೈಟ್ರೋಸೆಲ್ಯುಲೋಸ್‌ನಿಂದ ಆಮ್ಲವನ್ನು ಎಷ್ಟು ಚೆನ್ನಾಗಿ ತೊಳೆದಿದ್ದರು, ಆಮೇಲೆ ಎಲ್ಲಿ ಇಟ್ಟಿದ್ದರು ಎನ್ನುವುದರ ಮೇಲೆ ಇದು ನಿಂತಿದೆ. ಹೊರಗಿನಿಂದ ನೋಡಿ ಹೇಳಲಾಗದು. ಆದರೂ ಒಂದು ಮಾತು ಅನುಭವದಲ್ಲಿ ನಿಂತಿದೆ: ಪಾರದರ್ಶಕ ಹಿಡಿಗಳು, ಅಂದರೆ ಆಮೆಚಿಪ್ಪು, ಅಂಬರ್ ಬಣ್ಣದವು, ಮೊದಲು ಕೆಡುತ್ತವೆ. ದಟ್ಟ ಬಿಳಿ, ಕೆನೆ ಬಣ್ಣದವುಗಳಲ್ಲಿ ಬಣ್ಣಕ್ಕೆಂದು ಬೆರೆಸಿದ ಸತುವಿನ ಆಕ್ಸೈಡ್ ಆಮ್ಲವನ್ನು ಸ್ವಲ್ಪ ಹೀರಿಕೊಳ್ಳುವುದರಿಂದ ಅವು ಹೆಚ್ಚು ಕಾಲ ಬಾಳುತ್ತವೆ.

ನಿಮ್ಮ ಬಳಿ ಇರುವುದು ಸೆಲ್ಯುಲಾಯ್ಡೇ ಎಂದು ತಿಳಿಯಲು ಮೊದಲು ಮಾದರಿ ಸಂಖ್ಯೆ ನೋಡಿ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ 1920ರಿಂದ 1940ರವರೆಗೆ ತಯಾರಾದ ರೆಮಿಂಗ್ಟನ್ ಕಂಪನಿಯ ಚಾಕುಗಳಲ್ಲಿ ಸಂಖ್ಯೆಯ ಕೊನೆಯ ಅಂಕಿ ಹಿಡಿಯನ್ನು ಹೇಳುತ್ತದೆ: 3 ಇದ್ದರೆ ಮೂಳೆ, 4 ಮುತ್ತಿನ ಚಿಪ್ಪು, 5 ಪೈರೆಮೈಟ್, 6 ಕೊಂಬು. ಪೈರೆಮೈಟ್ ಅನ್ನುವುದು ಅವರು ಸೆಲ್ಯುಲಾಯ್ಡ್‌ಗೆ ಇಟ್ಟ ಹೆಸರು. ಎಲ್ಲರೂ ಹುಡುಕುವ, ಹಿಡಿಯ ಮೇಲೆ ಗುಂಡಿನ ಆಕಾರದ ಲೋಹದ ಗುರುತಿರುವ ಆರ್ 1123 ಬುಲೆಟ್ ಚಾಕು 3ರಿಂದ ಮುಗಿಯುತ್ತದೆ, ಅದರದ್ದು ಮೂಳೆ. ಬ್ರಾಡ್‌ಫೋರ್ಡ್‌ನ ಕೇಸ್ ಕಂಪನಿಯ ಚಾಕುಗಳಲ್ಲಿ ಮೊದಲ ಅಂಕಿ ನೋಡಬೇಕು: 5 ಕೊಂಬು, 6 ಮೂಳೆ, 9 ನಕಲಿ ಮುತ್ತು. ಅಂಕಿಯ ಜಾಗದಲ್ಲಿ ಆರ್ ಇದ್ದರೆ ಕೆಂಪು ಪಟ್ಟೆಯ ಕ್ಯಾಂಡಿ ಸ್ಟ್ರೈಪ್, ಜಿಎಸ್ ಇದ್ದರೆ ಚಿನ್ನದ ಮಿನುಗಿನ ಗೋಲ್ಡ್‌ಸ್ಟೋನ್, ಎರಡೂ ಸೆಲ್ಯುಲಾಯ್ಡ್. ಮೊದಲ ಅಂಕಿ 3 ಎಂದರೆ ಹಳದಿ ಹಿಡಿ. ಟ್ಯಾಂಗ್ ಮೇಲೆ, ಅಂದರೆ ಅಲಗಿನ ಹರಿತವಿಲ್ಲದ ಬುಡದ ಮೇಲೆ, ‘ಕೇಸ್ ಟೆಸ್ಟೆಡ್ ಎಕ್ಸ್ಎಕ್ಸ್’ ಮುದ್ರೆ ಇದ್ದರೆ ಅದು 1920–40ರದ್ದು, ಹಳದಿಯನ್ನೂ ಅನುಮಾನದಿಂದಲೇ ನೋಡಿ. ಚುಕ್ಕೆಗಳಿರುವ 1970ರ ನಂತರದ ಮುದ್ರೆಯಾದರೆ ಅದು ಡೆಲ್ರಿನ್ ಎಂಬ ಬೇರೆ ಪ್ಲಾಸ್ಟಿಕ್, ಭಯವಿಲ್ಲ.

ಸಂಖ್ಯೆ ಅಳಿಸಿಹೋಗಿದ್ದರೆ ಹಿಡಿಯನ್ನು ಹೆಬ್ಬೆರಳಿನಿಂದ ಅರ್ಧ ನಿಮಿಷ ಬಿರುಸಾಗಿ ಉಜ್ಜಿ, ತಕ್ಷಣ ಮೂಸಿ. ಆರೋಗ್ಯವಾಗಿರುವ ಸೆಲ್ಯುಲಾಯ್ಡ್ ಮಂಗಳಾರತಿಯ ಕರ್ಪೂರದ ವಾಸನೆ ಕೊಡುತ್ತದೆ, ನಮಗೆ ಅದು ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಹತ್ತುಪಟ್ಟು ಭೂತಗನ್ನಡಿಯಲ್ಲಿ ಮೂಳೆಯಾದರೆ ಸಣ್ಣ ರಂಧ್ರಗಳು, ಕಪ್ಪು ಗೆರೆಗಳು ಕಾಣುತ್ತವೆ. ನಿಜವಾದ ಮುತ್ತಿನ ಚಿಪ್ಪು ತುಟಿಗೆ ತಣ್ಣಗೆ ತಾಗುತ್ತದೆ. ಕಾಸಿದ ಸೂಜಿ ಚುಚ್ಚಿ ನೋಡುವ ಹಳೆಯ ಉಪಾಯವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಬಟ್ಟೆ ಮುಚ್ಚಿದರೆ ಆರುವುದಿಲ್ಲ, ಹೊಗೆಯೂ ವಿಷ. ಇದೇ ಕಾರಣಕ್ಕೆ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿಯುವುದೂ ಅಪಾಯ. ಅಸಿಟೋನ್ ಅಥವಾ ಉಗುರುಬಣ್ಣ ಅಳಿಸುವ ದ್ರವದಿಂದ ಒರೆಸಿದರೆ ಹಿಡಿ ಕರಗಿ ಅಂಟಾಗುತ್ತದೆ.

ಕೆಡಲು ಶುರುವಾದ ಚಾಕುವಿನ ಗುರುತುಗಳು ಸ್ಪಷ್ಟವಾಗಿರುತ್ತವೆ. ಆದರೆ ಹಿಡಿಯನ್ನೇ ನೋಡುತ್ತಾ ಕೂತರೆ ತಡವಾಗುತ್ತದೆ, ಮೊದಲ ಸುಳಿವು ಲೋಹದಲ್ಲಿರುತ್ತದೆ. ಅಲಗು ಮಡಚಿದಾಗ ಹಿಡಿಯೊಳಗೆ ಹೋಗುವ ಭಾಗಕ್ಕೆ ಮಾತ್ರ ತುಕ್ಕು ಹಿಡಿದು, ಹೊರಗುಳಿಯುವ ಬೆನ್ನು ಹೊಳೆಯುತ್ತಿದ್ದರೆ ಅದು ಮಳೆಗಾಲದ ತುಕ್ಕಲ್ಲ. ಒಂದು ಮಗ್ಗುಲಿಗಷ್ಟೇ ತುಕ್ಕಿದ್ದರೆ ಆ ಮಗ್ಗುಲಿನ ಹಿಡಿಯನ್ನು ಅನುಮಾನಿಸಿ. ಆಮೇಲೆ ಪಿನ್ನುಗಳ ಸುತ್ತ ಕಿಲುಬು, ಚಾಕುವಿನ ತುದಿಯ ನಿಕಲ್ ಸಿಲ್ವರ್ ಲೋಹದ ಕಟ್ಟು, ಅಂದರೆ ಬೋಲ್‌ಸ್ಟರ್, ಹಿಡಿಗೆ ಕೂಡುವಲ್ಲಿ ಹಸಿರು ಗೆರೆ. ಹಿಡಿ ಕುಗ್ಗಿ ಬೋಲ್‌ಸ್ಟರ್‌ನಿಂದ ಕೂದಲೆಳೆಯಷ್ಟು ದೂರ ಸರಿದಿರುತ್ತದೆ. ಕರ್ಪೂರದ ವಾಸನೆ ಹೋಗಿ ಮೂಗಿಗೆ ಚುಚ್ಚುವ ಹುಳಿ ವಾಸನೆ ಬರುತ್ತದೆ. ಕೊನೆಯ ಹಂತದಲ್ಲಿ ಹಿಡಿಯೊಳಗೆ ಸಕ್ಕರೆಯ ಹರಳಿನಂಥ ಸೀಳುಗಳು ತುಂಬುತ್ತವೆ, ಮೇಲ್ಮೈ ಬೆವರಿದಂತೆ ಜಿಗುಟಾಗುತ್ತದೆ.

ಖಚಿತವಾಗಬೇಕಿದ್ದರೆ ಲಿಟ್ಮಸ್ ಸಾಕು. ಚಾಕುವನ್ನು ಸಣ್ಣ ಗಾಜಿನ ಜಾಡಿಯಲ್ಲಿಟ್ಟು, ನೀಲಿ ಲಿಟ್ಮಸ್ ಕಾಗದವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಒದ್ದೆ ಮಾಡಿ ಮುಚ್ಚಳದ ಒಳಬದಿಗೆ ಅಂಟಿಸಿ, ಚಾಕುವಿಗೆ ತಾಗದಿರಲಿ. ಒಂದು ರಾತ್ರಿ ಬಿಡಿ. ಪಕ್ಕದಲ್ಲಿ ಖಾಲಿ ಜಾಡಿಯಲ್ಲಿ ಇನ್ನೊಂದು ಕಾಗದ ಇರಲಿ, ಹೋಲಿಸಲು ಬೇಕು. ಚಾಕುವಿನ ಜಾಡಿಯದು ಮಾತ್ರ ಕೆಂಪಾದರೆ ಅನಿಲ ಬರುತ್ತಿದೆ ಎಂದರ್ಥ. ಬೆಳಿಗ್ಗೆ ಚಾಕುವನ್ನು ಹೊರತೆಗೆದು ಒರೆಸಿ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ಒಮ್ಮೆ ಶುರುವಾದ ಒಡೆತವನ್ನು ನಿಲ್ಲಿಸುವ ಮದ್ದಿಲ್ಲ. ಮೇಣ, ವಾರ್ನಿಷ್ ಬಳಿದರೆ ಆಮ್ಲ ಒಳಗೇ ಉಳಿದು ಪಿನ್ನುಗಳನ್ನು ತಿನ್ನುತ್ತದೆ. ಅಂಥ ಚಾಕುವನ್ನು ಅದೇ ದಿನ ಬೇರೆ ಕೋಣೆಗೆ ಒಯ್ಯಿರಿ. ಅಪರೂಪದ ಮಾದರಿಯಾದರೆ ಪಿನ್ ತೆಗೆದು ಹಿಡಿ ಬಿಡಿಸಿ ಉಕ್ಕನ್ನಾದರೂ ಉಳಿಸಿಕೊಳ್ಳಬಹುದು. ಸಂಗ್ರಹಕಾರರ ದೃಷ್ಟಿಯಲ್ಲಿ ಬೆಲೆ ಇಳಿಯುತ್ತದೆ, ಆದರೂ ಅದೇ ಸರಿಯಾದ ನಿರ್ಧಾರ ಎನ್ನುತ್ತೇವೆ. ಪಿನ್ ಕೊರೆಯುವಾಗ ಬಿಸಿಯಾಗದಂತೆ ಕೈ ಡ್ರಿಲ್ ಬಳಸಿ. ತುಕ್ಕು ಹಿಡಿದ ಪಕ್ಕದ ಚಾಕುಗಳಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ, ಹತ್ತಿಯ ಕಡ್ಡಿಯಿಂದ ಲೋಹದ ಭಾಗಕ್ಕೆ ಮಾತ್ರ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಮಿನರಲ್ ಆಯಿಲ್ ಹಾಕಿ. ಮೂಳೆಯ ಹಿಡಿಯನ್ನು ನೆನೆಸಬಾರದು. ಅಲಗನ್ನು 0000 ಎಂಬ ಅತಿ ನಯವಾದ ದರ್ಜೆಯ ಉಕ್ಕಿನ ನಾರಿಗೆ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಟ್ಯಾಂಗ್ ಮುದ್ರೆಯ ಹತ್ತಿರ ಹೋಗಬೇಡಿ, ಮುದ್ರೆ ಅಳಿದರೆ ಚಾಕುವಿನ ಗುರುತೇ ಹೋದಂತೆ.

ಚೆನ್ನಾಗಿರುವ ಸೆಲ್ಯುಲಾಯ್ಡ್ ಚಾಕುಗಳನ್ನೂ ಒಟ್ಟಿಗೆ ಇಡಬೇಡಿ. ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ತೆರೆದ ತಟ್ಟೆಯಲ್ಲಿ, ಬಿಸಿಲು ಬೀಳದ ತಣ್ಣನೆಯ ಕೋಣೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ಅಲಗು ಬಿಚ್ಚಿ ನೋಡಿ, ಮೂಸಿ.

ಕೊಳ್ಳುವಾಗ ಮಾರುವವರಿಂದ ಅಲಗು ಪೂರ್ತಿ ಬಿಚ್ಚಿದ ಎರಡೂ ಮಗ್ಗುಲಿನ ಚಿತ್ರ, ಪಿನ್ನುಗಳ ಹತ್ತಿರದ ಚಿತ್ರ ಕೇಳಿ. ‘ಸ್ವಲ್ಪ ಕಿಲುಬಿದೆ, ಒರೆಸಿದರೆ ಹೋಗುತ್ತದೆ’ ಎಂಬ ಮಾತು ಕೇಳಿದರೆ ಹಿಂದೆ ಸರಿಯಿರಿ. ಅಲಗನ್ನು ಈಚೆಗಷ್ಟೇ ಉಜ್ಜಿ ಹೊಳೆಯಿಸಿದ್ದು, ಹಿಡಿಯ ಒಳಗಿನ ಲೋಹದ ತಗಡಿನ (ಲೈನರ್) ಸಂದಿಯಲ್ಲಿ ಹಸಿರು ಉಳಿದಿದ್ದರೆ, ಗುರುತು ಮುಚ್ಚಿದ್ದಾರೆ ಎಂದೇ ತಿಳಿಯಿರಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಜಿನ್ಯೂಯಿನ್ ಸ್ಟ್ಯಾಗ್ ಎನ್ನುವ ಹಿಡಿಗಳಲ್ಲಿ ಎಷ್ಟೋ ಭಾರತದಿಂದ ಹೋದ ಕಡವೆ ಕೊಂಬಿನವು. ಭಾರತದಲ್ಲಿ ಅದರ ವ್ಯಾಪಾರಕ್ಕೆ ವನ್ಯಜೀವಿ ಕಾಯ್ದೆಯ ತಡೆಯಿದೆ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಮೊದಲು ಕಾನೂನು ಬಲ್ಲವರನ್ನು ಕೇಳಿ.

ಬಿಡಿಸಿದ ಹಿಡಿಯ ತುಂಡುಗಳನ್ನು ಕಸದ ಬುಟ್ಟಿಗೆ ಹಾಕದೆ, ನೀರು ತುಂಬಿದ ಜಾಡಿಯಲ್ಲಿ ಮುಳುಗಿಸಿಟ್ಟು, ಸ್ಥಳೀಯ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಆ ಚಾಕು ಇದ್ದ ಚರ್ಮದ ಸುರುಳಿಯನ್ನೂ ಎಸೆಯಿರಿ. ಆಮ್ಲ ಹೀರಿಕೊಂಡ ಚರ್ಮಕ್ಕೆ ಮತ್ತೆ ಉಕ್ಕು ಸೇರಿಸಬಾರದು.